ಗೊಬ್ಬೂರ ಭಾಯಿ, ಅದೀರೇನ್ರಿ?

ಮದುವೆಯಲ್ಲಿ ಅನ್ನಕ್ಕೆ ಸಾರು ಕಡಿಮೆ ಬಿದ್ದರೆ ಬೀಗರು ಹೇಗೋ ಸುಮ್ಮನಿರುತ್ತಾರೆ. ಮೈಕಿನ ಸದ್ದು ಕಡಿಮೆ ಬಿದ್ದರೆ ಮಾತ್ರ ಹಂದರ ಕಿತ್ತು ತಲೆಯ ಮೇಲೆ ಹಾಕುತ್ತಾರೆ. ಅಫಜಲಪುರ ತಾಲ್ಲೂಕಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಟ್ಟು ಹೊಟ್ಟೆ ಹೊರೆದವರು ಯಾರೇ ಇರಲಿ, ಈ ಮಾತಿಗೆ ಹೂಂ ಅನ್ನುತ್ತಾರೆ. ಗೊಬ್ಬೂರಿನ ಧಮ್ಮಪಾಲ ಮೀಸೆ ಮೂಡಿದಾಗಿನಿಂದ ಇದೇ ಕಸುಬು ಮಾಡಿದವನು. ಹಂದರದ ಕೊನೆಯ ಸಾಲಿಗೆ ಹೋಗಿ, ಕಿವಿ ಮಂದವಾದ ಅಜ್ಜನೊಬ್ಬನನ್ನು ಹುಡುಕಿ, ಅವನ ಪಕ್ಕದಲ್ಲಿ ನಿಂತು ಸದ್ದು ಸಾಕೋ ಇಲ್ಲವೋ ನೋಡುವುದು ಅವನ ಪದ್ಧತಿ. ಅಜ್ಜ ತಲೆಯಾಡಿಸಿದರೆ ಸರಿ, ಇಲ್ಲದಿದ್ದರೆ ಇನ್ನಷ್ಟು ಏರಿಸು. ಆಂಪ್ಲಿಫೈಯರಿನ ಮೀಟರಿನಲ್ಲಿ ಮುಳ್ಳು ಕುಣಿಯುತ್ತಿರಬೇಕು, ಕೆಂಪು ಗೆರೆಯನ್ನು ಮುಟ್ಟಿ ಮುಟ್ಟಿ ಬರುತ್ತಿರಬೇಕು. ಮುಳ್ಳು ಮಲಗಿತೆಂದರೆ ಎಲ್ಲೋ ವೈರು ಕಡಿದಿದೆ ಎಂದೇ ಲೆಕ್ಕ. ಅವನು ಆಯುಷ್ಯದಲ್ಲಿ ನಾಬು ಏರಿಸಿದ್ದೆಷ್ಟೋ, ಇಳಿಸಿದ್ದು ಮಾತ್ರ ಒಮ್ಮೆಯೂ ಇಲ್ಲ.

ಅವನ ದನಿಗೂ ಇದೇ ಕಾಯಿದೆ. ಭಾನುವಾರ ಬುದ್ಧ ವಿಹಾರದಲ್ಲಿ ನಿಂತು ತ್ರಿಸರಣ ಹೇಳಿಕೊಟ್ಟರೆ, ಆಚೆ ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದವರೂ ಕುಡುಗೋಲು ಕೆಳಗಿಟ್ಟು ಕೈ ಮುಗಿಯುತ್ತಿದ್ದರು. "ನೀವು ಕಿವ್ಯಾಗ ಹೇಳಿದ ಗುಟ್ಟು ಮಣ್ಣೂರಿಗಿ ಮುಟ್ಟತದ" ಎಂದು ಹೆಂಡತಿ ಸುಮಂಗಲಾ ಛೇಡಿಸುತ್ತಿದ್ದಳು.

ಅವನಿಗೆ ಹ್ಯಾಮ್ ರೇಡಿಯೊದ ಹುಚ್ಚು ಹತ್ತಿದ್ದೂ ಆ ಮಣ್ಣೂರಿನಲ್ಲೇ. ಭೀಮಾ ಉಕ್ಕಿ ಬಂದ ವರ್ಷ, ಫೋನು ಸತ್ತು ಕರೆಂಟು ಹೋದಾಗ, ಗಂಜಿ ಕೇಂದ್ರಕ್ಕೆ ತನ್ನ ಬ್ಯಾಟರಿಗಳನ್ನು ಕೊಡಲು ಹೋಗಿದ್ದ. ಯಾವುದೋ ಊರಿನಿಂದ ಬಂದಿದ್ದ ಇಬ್ಬರು ಬೇವಿನ ಗಿಡಕ್ಕೆ ತಂತಿ ಕಟ್ಟಿ, ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆ ಇಟ್ಟುಕೊಂಡು ಸೋಲಾಪುರದವರ ಜೊತೆ ಮಾತಾಡುತ್ತಿದ್ದರು. ತನ್ನ ನಾಲ್ಕು ದೊಡ್ಡ ಹಾರ್ನುಗಳು ಸೇರಿದರೂ ಊರಗಸಿ ದಾಟುವುದಿಲ್ಲ, ಈ ಡಬ್ಬಿ ಜಿಲ್ಲೆಯನ್ನೇ ದಾಟುತ್ತದಲ್ಲ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು. ಹಟ ಹಿಡಿದು ಓದಿದ, ಪರೀಕ್ಷೆ ಬರೆದ, ಸರ್ಕಾರದ ಪರವಾನಗಿ ಪಡೆದ, ಹಳೆಯದೊಂದು ಸೆಟ್ಟು ತಂದು ಮನೆಯ ಮಾಳಿಗೆಯಿಂದ ಹಿತ್ತಲ ಬೇವಿನ ಮರಕ್ಕೆ ತಂತಿ ಎಳೆದ.

ಅಂದಿನಿಂದ ಬೆಳಗಿನ ಹಾಜರಿ ಅವನಿಗೆ ಚಹಾಕ್ಕಿಂತ ಮೊದಲು. ಬೀದರ, ರಾಯಚೂರು, ಸೋಲಾಪುರ, ಸುತ್ತಲಿನ ಹ್ಯಾಮ್ ರೇಡಿಯೊದವರೆಲ್ಲ ತಂತಮ್ಮ ಮನೆಯಲ್ಲಿ ಸೆಟ್ಟನ್ನು ಒಂದೇ ತರಂಗಕ್ಕೆ ತಿರುಗಿಸಿ ಕೂರುತ್ತಾರೆ. ಜೇವರ್ಗಿಯ ಅಮೀರುನ್ನಿಸಾ ಒಬ್ಬೊಬ್ಬರ ಹೆಸರು ಕರೆಯುತ್ತಾರೆ. ಉರ್ದು ಶಾಲೆಯ ಹೆಡ್ ಟೀಚರ್ ಆಗಿದ್ದು ನಿವೃತ್ತರಾದವರು. ಶಾಲೆ ಬಿಟ್ಟರೂ ಹಾಜರಿ ಕರೆಯುವುದನ್ನು ಬಿಡಲಿಲ್ಲ. ಎಲ್ಲರಿಗೂ ಅವರು ಆಪಾ. ಹೆಸರು ಕರೆಯುವುದು, ಉತ್ತರಕ್ಕೆ ಒಂದು ಉಸಿರಿನಷ್ಟು ಜಾಗ ಬಿಡುವುದು, ಬಂದ ಉತ್ತರಕ್ಕೆ ಎರಡು ಮಾತು ಸೇರಿಸಿ ಮುಂದಿನ ಹೆಸರಿಗೆ ಹೋಗುವುದು ಅವರ ರೂಢಿ. "ಗೊಬ್ಬೂರ ಭಾಯಿ, ಅದೀರೇನ್ರಿ?" ಎಂದರೆ ಸಾಕು, "ಹಾಜರ್ ಅದೀನ್ರಿ ಆಪಾ" ಎಂದು ಧಮ್ಮಪಾಲ ಹಾಕುತ್ತಿದ್ದ ಕೂಗಿಗೆ ಸೆಟ್ಟೇ ಬೇಡ, ಕಿಟಕಿ ತೆರೆದಿಟ್ಟರೆ ಕೇಳುತ್ತದೆ ಎಂದು ಬೀದರಿನವರು ನಗುತ್ತಿದ್ದರು.

ಆ ದನಿ ಹೋಯಿತು. ಸ್ಪೀಕರ್ ಪೆಟ್ಟಿಗೆಗಳ ಹಿಂದೆ ಕೂತು ಸೇದಿದ ಬೀಡಿಗಳೆಲ್ಲ ಸೇರಿ ಗಂಟಲಿನಲ್ಲಿ ಕ್ಯಾನ್ಸರಾಗಿ ಮನೆ ಮಾಡಿದವು. ಆಪರೇಷನ್ ಮಾಡಿದ ಡಾಕ್ಟರು ಜೀವ ಉಳಿಸಿ, ದನಿಪೆಟ್ಟಿಗೆಯನ್ನು ತೆಗೆದುಹಾಕಿದರು. ಕೊರಳಿನ ನಡುವೆ ಉಸಿರಾಡಲು ಒಂದು ರಂಧ್ರ ಉಳಿಯಿತು, ಅದರ ಮೇಲೆ ಸುಮಂಗಲಾ ಹೊಲಿದುಕೊಟ್ಟ ಬಿಳಿ ಬಟ್ಟೆ. ಡಾಕ್ಟರು ಒಂದು ಯಂತ್ರವನ್ನೂ ತೋರಿಸಿದರು. ಕೊರಳಿಗೆ ಒತ್ತಿ ಹಿಡಿದು ಬಾಯಾಡಿಸಿದರೆ ಅದು ಗುಂಯ್ ಎಂದು ಮಾತಾಡುತ್ತದೆ. ಧಮ್ಮಪಾಲ ಒಂದೇ ಸಲ ಹಿಡಿದು ನೋಡಿದ. ಆಮೇಲೆ ಸ್ಲೇಟಿನ ಮೇಲೆ "ಇಂಥ ಸೌಂಡಿಗಿ ಯಾರೂ ಅಡ್ವಾನ್ಸ್ ಕೊಡಂಗಿಲ್ಲ" ಎಂದು ಬರೆದು ಅದನ್ನು ಕಪಾಟಿಗೆ ಸೇರಿಸಿದ. ಅಂಗಡಿಯನ್ನು ತಮ್ಮನ ಮಗನಿಗೆ ಒಪ್ಪಿಸಿದ. ಅಂದಿನಿಂದ ಸ್ಲೇಟು, ಬಳಪ, ಮತ್ತು ಸುಮಂಗಲಾಳನ್ನು ಕರೆಯಬೇಕಾದರೆ ಬಡಿಯಲು ಊಟದ ಒಂದು ಸ್ಟೀಲಿನ ಗಂಗಾಳ, ಇವಿಷ್ಟೇ ಅವನ ಮಾತು.

ಆದರೂ ಬೆಳಿಗ್ಗೆ ಎದ್ದು ಸೆಟ್ಟು ಹಾಕುವುದು ತಪ್ಪಲಿಲ್ಲ. ಅಲ್ಲಿ ಆಪಾ ಹೆಸರು ಕರೆಯುವುದೂ ತಪ್ಪಲಿಲ್ಲ. ಅವನಿಗೆ ಏನಾಗಿದೆ ಎಂದು ಎಲ್ಲರಿಗೂ ಗೊತ್ತು, ಉತ್ತರ ಬರುವುದಿಲ್ಲವೆಂದೂ ಗೊತ್ತು. ಆದರೂ "ಗೊಬ್ಬೂರ ಭಾಯಿ, ಅದೀರೇನ್ರಿ?" ಎಂದು ಕೇಳಿ, ಉಳಿದವರಿಗೆ ಬಿಡುವಷ್ಟೇ ಜಾಗವನ್ನು ಅವನಿಗೂ ಬಿಟ್ಟು, "ಕೇಳಾಕತ್ತಿರಬೇಕು. ಖೈರಿಯತ್ ಇರ್ಲಿ" ಎಂದು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಆ ಖಾಲಿ ಜಾಗದಲ್ಲಿ ಧಮ್ಮಪಾಲ ತುಟಿಯಾಡಿಸುತ್ತಿದ್ದ. ಕೊರಳಿನ ಬಟ್ಟೆ ಒಂದಿಷ್ಟು ಅಲುಗುತ್ತಿತ್ತು, ಅಷ್ಟೇ. ಒಳಗೆ ಒಲೆಯ ಮುಂದೆ ಕೂತ ಸುಮಂಗಲಾ ಆ ಹೊತ್ತಿಗೆ ಸರಿಯಾಗಿ ರೊಟ್ಟಿಯನ್ನು ಜೋರಾಗಿ ಬಡಿಯತೊಡಗುತ್ತಿದ್ದಳು. ಆ ಮೌನವನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ.

ಒಂದು ದಿನ ಧಮ್ಮಪಾಲನಿಗೆ ಸಾಕೆನಿಸಿತು. ಉಣ್ಣಲಾಗದವನನ್ನು ಪಂಕ್ತಿಯಲ್ಲಿ ಕೂರಿಸಿ ದಿನಾ ಎಲೆ ಹಾಕಿದಂತಾಯಿತು ಎಂದು ಅವನ ಸಂಕಟ. ಆಳಂದದಲ್ಲಿ ಕಂಪ್ಯೂಟರ್ ಕಲಿಸುವ ಶಾಹಿದ ಹೊಸದಾಗಿ ಪರವಾನಗಿ ಪಡೆದಿದ್ದ, ಕೈಯಲ್ಲಿ ಸೆಟ್ಟಿರಲಿಲ್ಲ. ಹಾಜರಿಯನ್ನು ಸಣ್ಣ ರೇಡಿಯೊದಲ್ಲಿ ಬರೀ ಕೇಳುತ್ತಿದ್ದ. ಅವನಿಗೆ ಫೋನಿನಲ್ಲಿ "ಭಾನುವಾರ ಬಂದು ನನ್ನ ಸೆಟ್ ಒಯ್ಯಿ" ಎಂದು ಬರೆದು ಕಳಿಸಿದ. ಬರೆದದ್ದನ್ನು ಸುಮಂಗಲಾಳಿಗೆ ತೋರಿಸಿದ. ಅವಳು ಓದಿ ಎದ್ದು ಹೋದಳು. ವಿಹಾರಕ್ಕೆ ಹೋಗುವುದನ್ನು ಬಿಟ್ಟಾಗಿತ್ತು, ಚಹಾದಂಗಡಿ ಕಟ್ಟೆಯನ್ನೂ ಬಿಟ್ಟಾಗಿತ್ತು. ಈ ಸೆಟ್ಟೂ ಹೋದರೆ ಈ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗುತ್ತಾನೆ, ಮತ್ತೆ ಏಳುವುದಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಭಾನುವಾರ ಶಾಹಿದ ಬಂದ. ಮೋಟರ್ ಸೈಕಲ್ಲಿನ ಹಿಂದೆ ಸೆಟ್ಟು ಒಯ್ಯಲೆಂದು ಟಿವಿಯ ಖಾಲಿ ರಟ್ಟಿನ ಪೆಟ್ಟಿಗೆ, ಅದರಲ್ಲಿ ಒಡೆಯದಂತೆ ಥರ್ಮಾಕೋಲು. ಹೆಗಲ ಚೀಲದಲ್ಲಿ ಲ್ಯಾಪ್‌ಟಾಪು, ಅಂಗೈ ಅಗಲದ ಒಂದು ಕರಿ ಡಬ್ಬಿ, ವೈರುಗಳು.

"ಚಾಚಾ, ಒಯ್ಯಾಕ ಬಂದೀನಿ, ಖರೆ. ಆದ್ರ ಮೊದಲ ಒಂದ್ ಆಟ ಆಡಿ ನೋಡೂಣು. ಸೋತ್ರ ಕಟ್ಟಿಕೊಂಡು ಹೋಗ್ತೇನಿ."

ಆಟ ಇಷ್ಟೇ. ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಇದೆ. ಟೈಪ್ ಮಾಡಿದ ಅಕ್ಷರಗಳನ್ನು ಅದು ಸಣ್ಣ ಸಿಳ್ಳೆಯಾಗಿ ಮಾಡುತ್ತದೆ. ಕರಿ ಡಬ್ಬಿ ಆ ಸಿಳ್ಳೆಯನ್ನು ಸೆಟ್ಟಿಗೆ ಮುಟ್ಟಿಸುತ್ತದೆ, ಸೆಟ್ಟು ಗಾಳಿಗೆ ಬಿಡುತ್ತದೆ. ಆಚೆ ಕೂತವರ ಕಂಪ್ಯೂಟರು ಆ ಸಿಳ್ಳೆಯನ್ನು ಕೇಳಿ ಮತ್ತೆ ಅಕ್ಷರ ಮಾಡಿ ತೋರಿಸುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ನಡೆಯುತ್ತದೆ.

ಧಮ್ಮಪಾಲ ಸ್ಲೇಟು ಎತ್ತಿದ. "ಬರ್ಯೂದಾದ್ರ ಫೋನ್ ಸಾಕಲ್ಲ."

"ಫೋನಿನಾಗ ಬರದ್ರ ಒಬ್ಬರಿಗಿ ಚೀಟಿ ಕೊಟ್ಟಂಗ ಚಾಚಾ. ಇದು ಹಾಜರಿಯಾಗ ಕುಂತು ಮಾತಾಡಿದಂಗ. ಆಪಾಗ ಹೇಳೀನಿ, ನಮಾಜ್ ಮುಗಿಸಿ ಲ್ಯಾಪ್‌ಟಾಪ್ ತಕ್ಕೊಂಡು ಕುಂದ್ರತಾರ."

ಶಾಹಿದ ಕೇಳಿದ್ದು ನಿಜಕ್ಕೂ ತನ್ನ ಲಾಭಕ್ಕೆ ವಿರುದ್ಧವಾದದ್ದು. ಸುಮ್ಮನೆ ಕಟ್ಟಿಕೊಂಡು ಹೋಗಿದ್ದರೆ ಸೆಟ್ಟು ಅವನದು. ಧಮ್ಮಪಾಲ ಅವನ ಮುಖ ನೋಡಿ, ತನ್ನ ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲು ಎಳೆದ.

ವೈರು ಜೋಡಿಸಿದ್ದಾಯಿತು. ಪರದೆಯ ಮೇಲೆ ನೀಲಿ ಬಣ್ಣದ ಪಟ್ಟಿಯೊಂದು ಮೇಲಿನಿಂದ ಕೆಳಕ್ಕೆ ನಿಧಾನಕ್ಕೆ ಇಳಿಯುತ್ತಿತ್ತು. ಗಾಳಿಯಲ್ಲಿ ಸಿಳ್ಳೆ ಎಲ್ಲಿದೆಯೋ ಅಲ್ಲಿ ಅದರ ಮೇಲೊಂದು ಹಳದಿ ಗೆರೆ ಮೂಡಬೇಕು. ಏನೂ ಮೂಡಲಿಲ್ಲ. ಸೆಟ್ಟಿನ ಸ್ಪೀಕರಿನಲ್ಲಿ ಸಿಳ್ಳೆಗಳು ಕೇಳುತ್ತಿವೆ, ಪರದೆ ಮಾತ್ರ ತೊಳೆದಿಟ್ಟ ಹಾಗೆ ಖಾಲಿ. ಶಾಹಿದ ವೈರು ಕಿತ್ತು ಹಾಕಿದ, ಲ್ಯಾಪ್‌ಟಾಪು ಮುಚ್ಚಿ ತೆಗೆದ. ಅಷ್ಟರಲ್ಲಿ ಒಳಗೆ ಕುಕ್ಕರು ಸೀಟಿ ಹೊಡೆಯಿತು. ಪರದೆಯ ಮೇಲೆ ಮೊಳದಗಲದ ಹಳದಿ ಪಟ್ಟಿ ಬಂತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಧಮ್ಮಪಾಲನ ಹೆಗಲು ಕುಲುಕಿದವು. ದನಿಯಿಲ್ಲದ ನಗು ಅವನದು, ಎಷ್ಟೋ ದಿನದ ಮೇಲೆ ಬಂದದ್ದು. ಸಾಫ್ಟ್‌ವೇರು ಸೆಟ್ಟನ್ನು ಬಿಟ್ಟು ಲ್ಯಾಪ್‌ಟಾಪಿನ ಸ್ವಂತ ಮೈಕಿಗೆ ಕಿವಿಗೊಟ್ಟು ಸುಮಂಗಲಾಳ ಬೇಳೆ ಬೇಯುವುದನ್ನು ಕೇಳುತ್ತಿತ್ತು. ಶಾಹಿದ ಸೌಂಡಿನ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ಮೈಕು ತೆಗೆದು ಕರಿ ಡಬ್ಬಿಯ ಹೆಸರು ಆರಿಸಿದ. ಪರದೆ ತುಂಬ ಗೆರೆಗಳು ಇಳಿಯತೊಡಗಿದವು.

ಧಮ್ಮಪಾಲನಿಗೆ ಹುರುಪು ಬಂತು. ಗೆರೆಗಳು ಇನ್ನೂ ಚೆನ್ನಾಗಿ ಕಾಣಲಿ ಎಂದು ಸೆಟ್ಟಿನ ಹಿಂದಿನಿಂದ ಡಬ್ಬಿಗೆ ಹೋಗುವ ಸದ್ದನ್ನು ಏರಿಸಿದ. ಪರದೆಯೆಲ್ಲ ಸುಣ್ಣ ಬಳಿದಂತಾಯಿತು. "ಬ್ಯಾಡ್ರಿ ಚಾಚಾ, ಕಂಪ್ಯೂಟರಿನ ಕಿವಿ ಒಡೀತದ" ಎಂದು ಶಾಹಿದ ನಗುತ್ತ ಇಳಿಸಿದ. ಬಿಳಿ ಹೋಗಿ ನೀಲಿ ಬಂತು, ನೀಲಿಯ ನಡುವೆ ಒಂದು ತೆಳು ಗೆರೆ. ಅದರ ಮೇಲೆ ಒತ್ತಿದರೆ ಕೆಳಗೆ ಅಕ್ಷರಗಳು ಬಿದ್ದವು. ಆಪಾ ಬರೆಯುತ್ತಿದ್ದರು: "ಅಸ್ಸಲಾಮು ಅಲೈಕುಂ, ಜೈಭೀಮ್. ನಾ ತಯ್ಯಾರ್ ಅದೀನಿ."

ಕೇಳುವುದಾಯಿತು. ಇನ್ನು ಹೇಳುವುದು.

ಶಾಹಿದ ಸೆಟ್ಟಿನ ಮೀಟರಿಗೆ ಬೆರಳಿಟ್ಟ. ಸದ್ದು ಮಿತಿ ಮೀರಿದರೆ ಸೆಟ್ಟು ತಾನೇ ಅದನ್ನು ಅದುಮಿ ಹಿಡಿಯುತ್ತದೆ, ಹಾಗೆ ಹಿಡಿದಾಗ ಈ ಮುಳ್ಳು ಏಳುತ್ತದೆ. "ಬಾಯಿಲೆ ಮಾತಾಡುವಾಗ ಮುಳ್ಳು ಸ್ವಲ್ಪ ಕುಣಿದ್ರ ನಡೀತದ. ಈ ಸಿಳ್ಳೆಗಿ ಅದು ಅಲುಗಬಾರ್ದು. ಮಲಗೇ ಇರ್ಬೇಕು." ಹಾಗೆಂದು ಡಬ್ಬಿಯ ಮೇಲಿದ್ದ ಪುಟ್ಟ ನಾಬನ್ನು ಮೆಲ್ಲಗೆ ತಿರುವಿ, ಮುಳ್ಳು ಮಲಗುವ ಜಾಗದಲ್ಲಿ ಬಿಟ್ಟ. ಧಮ್ಮಪಾಲ ತಲೆಯಾಡಿಸಿದ. ಹೊಸ ಅಳಿಯ ವ್ಯವಹಾರ ಹೇಳಿಕೊಟ್ಟಾಗ ಮಾವಂದಿರು ತಲೆಯಾಡಿಸುತ್ತಾರಲ್ಲ, ಹಾಗೆ.

ಶಾಹಿದನೇ ಮೊದಲ ಸಲ ಕಳಿಸಿ ನೋಡಿದಾಗ ಆಪಾರ ದನಿಯೇ ಸ್ಪೀಕರಿನಲ್ಲಿ ಬಂತು. "ಶಾಹಿದ, ಸಿಳ್ಳೆ ಬರಾಕತ್ತದ, ನಡುವ ಟಿಣ್ ಟಿಣ್ ಅಂತ ಗಂಟಿನೂ ಬಾರಿಸಾಕತ್ತದ. ಯಾರರ ಬಾಗಲಿಗಿ ಬಂದಾರೇನು ನೋಡ್ರಿ." ಬಾಗಿಲಿಗೆ ಯಾರೂ ಬಂದಿರಲಿಲ್ಲ. ಲ್ಯಾಪ್‌ಟಾಪು ತನಗೆ ಬಂದ ಮೆಸೇಜುಗಳಿಗೆಲ್ಲ ಗಂಟೆ ಬಾರಿಸಿ, ಅದನ್ನೂ ಸೆಟ್ಟಿನ ಮೂಲಕ ನಾಲ್ಕು ಜಿಲ್ಲೆಗೆ ಕೇಳಿಸುತ್ತಿತ್ತು. ಶಾಹಿದ ನಾಚಿ, ಪರದೆಯತ್ತ ಬಗ್ಗಿ, ಲ್ಯಾಪ್‌ಟಾಪಿನ ಗಂಟೆಗಳೆಲ್ಲ ಅದರ ಸ್ವಂತ ಸ್ಪೀಕರಿಗೇ ಹೋಗುವಂತೆ ಬದಲಾಯಿಸತೊಡಗಿದ.

ಅವನು ಹಾಗೆ ಬಗ್ಗಿದ್ದಾಗಲೇ ಅದು ನಡೆದದ್ದು. ಧಮ್ಮಪಾಲನ ಕಣ್ಣು ಮೀಟರಿನ ಮೇಲಿತ್ತು. ಸಿಳ್ಳೆ ಹೋಗುವಾಗ ಆ ಮುಳ್ಳು ಹೆಣದ ಹಾಗೆ ಬಿದ್ದುಕೊಂಡಿದ್ದನ್ನು ಅವನು ನೋಡಿದ್ದ. ಇಂಥ ಮುಳ್ಳು ಇಟ್ಟುಕೊಂಡು ಯಾವ ಹಂದರದಲ್ಲಿ ಯಾರಿಗೆ ಏನು ಕೇಳಿಸಿದ್ದಾನೆ ಅವನು? ಇಲ್ಲಿಂದ ಜೇವರ್ಗಿಗೆ ಎಷ್ಟು ದೂರ, ನಡುವೆ ಎಷ್ಟು ಊರು. ಅದೂ ಅಲ್ಲದೆ ಎಷ್ಟೋ ದಿನದ ಮೇಲೆ ಬಾಯಿ ತೆರೆಯುತ್ತಿದ್ದಾನೆ. ಪಿಸುಗುಟ್ಟಲಿಕ್ಕಾ? ಕೈ ತಾನಾಗಿ ಹೋಗಿ ನಾಬನ್ನು ಕೊನೆಯವರೆಗೆ ತಿರುವಿತು.

"ಈಗ ಕಳಿಸ್ರಿ. ಮುಳ್ಳು ಮಲಗ್ಯದಲ್ಲ ಚಾಚಾ?" ಎಂದು ಪರದೆಯಿಂದ ಕಣ್ಣೆತ್ತದೆ ಶಾಹಿದ ಕೇಳಿದ.

ಧಮ್ಮಪಾಲ ಅವನ ಹೆಗಲು ತಟ್ಟಿ ಹೌದೆಂದು ತಿಳಿಸಿದ. ಅದು ಪೂರ್ತಿ ಸುಳ್ಳಲ್ಲ. ಕಳಿಸುವ ಗುಂಡಿ ಒತ್ತುವವರೆಗೆ ಮುಳ್ಳು ಮಲಗಿಯೇ ಇತ್ತು.

ಒತ್ತಿದ ಮೇಲೆ ಅದು ಎದ್ದು ಕುಣಿಯಿತು. ಧಮ್ಮಪಾಲನ ಎದೆ ತಣ್ಣಗಾಯಿತು. ಒಂದೊಂದೇ ಬೆರಳಿನಿಂದ ಅವನು ಟೈಪ್ ಮಾಡಿದ. ಮುಗಿಸಿ ಕಾದ. ಆಪಾ ಅಲ್ಲಿ ಇಲ್ಲಿ ಒತ್ತಿ ನೋಡಿ, "ಗೆರೆ ಒಂದಲ್ಲಪಾ, ಐದು ಕಾಣಾಕತ್ತಾವ. ಯಾವುದರ ಮ್ಯಾಲ ಒತ್ತಿದ್ರೂ ಹುಳ ಹರದಂಗ ಏನೇನೋ ಅಕ್ಷರ. ಒಂದೂ ತಿಳಿಯಂಗಿಲ್ಲ" ಎಂದರು.

ಶಾಹಿದ ತಲೆ ಕೆರೆದುಕೊಂಡ. ಇದ್ದ ವೈರು ತೆಗೆದು ಬೇರೆ ವೈರು ಹಾಕಿದ. ಸಾಫ್ಟ್‌ವೇರನ್ನು ಅಳಿಸಿ ಮತ್ತೆ ಹಾಕಿದ. ಮಾಳಿಗೆ ಹತ್ತಿ ತಂತಿಯ ಗಂಟು ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿದ. ಅವನು ಮಾಳಿಗೆಯ ಮೇಲಿದ್ದಾಗ, ತನ್ನ ದನಿ ಇನ್ನೂ ಸಾಲುತ್ತಿಲ್ಲವೇನೋ ಎಂದು ಧಮ್ಮಪಾಲ ಸೆಟ್ಟಿನಲ್ಲಿದ್ದ ಇನ್ನೊಂದು ನಾಬನ್ನೂ ಏರಿಸಿದ. ಈ ಸಲ ಆಪಾ, "ಬ್ಯಾಡ, ನಿಲ್ಲಸ್ರಿ. ಪಕ್ಕದ ತರಂಗದಾಗ ಮಾತಾಡಾಕತ್ತವರು ಬಂದು, ಯಾರ್ರೀ ಇದು ಜಾತ್ರಿ ಹಚ್ಚಿದವರು ಅಂತ ಕೇಳಾಕತ್ತಾರ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಸೋತಿದ್ದರು.

ಧಮ್ಮಪಾಲ ಬೆವರಿದ್ದ. ಸ್ಲೇಟು ತೆಗೆದುಕೊಂಡು ಒಂದೇ ಮಾತು ಬರೆದ: "ಒಯ್ಯಿ." ಬರೆದು, ಸೆಟ್ಟಿನ ಹಿಂದೆ ಕೈ ಹಾಕಿ ಆಂಟೆನಾದ ವೈರನ್ನು ತಿರುವಿ ಬಿಚ್ಚತೊಡಗಿದ. ಶಾಹಿದ ರಟ್ಟಿನ ಪೆಟ್ಟಿಗೆಯ ಕಡೆ ನೋಡಿ ಕಣ್ಣು ತೆಗೆದ.

ಹೊಸ್ತಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದ ಸುಮಂಗಲಾ ಆಗ ಬಾಯಿ ಬಿಟ್ಟಳು.

"ಶಾಹಿದ, ನಿನ್ನ ಡಬ್ಬಿಗಿ ಏನೂ ಆಗಿಲ್ಲಪಾ. ನೀ ಆಕಡಿ ಹೊಳ್ಳಿದ ಕೂಡ್ಲೆ ಇವರು ಆ ನಾಬ್ ತಿರುವಾಕತ್ತಾರ. ನಾ ಆಗಿಂದ ನೋಡಾಕತ್ತೀನಿ."

ಬೆಲ್ಲದ ಡಬ್ಬಿಯಲ್ಲಿ ಕೈ ಸಿಕ್ಕಿಬಿದ್ದ ಹುಡುಗನ ಮುಖವಾಯಿತು ಧಮ್ಮಪಾಲನದು. ಮರುಗಳಿಗೆಯಲ್ಲಿ ಸಿಟ್ಟೂ ಬಂತು. ಬಳಪ ಮುರಿಯುವಂತೆ ಬರೆದ: "ಮುಳ್ಳು ಮಲಗಿದ್ರ ಯಾರಿಗಿ ಕೇಳತದ?"

ಸುಮಂಗಲಾ ಬಟ್ಟಲು ಕೆಳಗಿಟ್ಟು ಅವನೆದುರು ನೆಲದ ಮೇಲೆ ಕೂತಳು.

"ದವಾಖಾನಿಲಿಂದ ಬಂದಾಗಿಂದ ನೀವು ನನ್ನ ಕರೀಬೇಕಂದ್ರ ಗಂಗಾಳ ಬಡೀತೀರಿ. ಜೋರ್ ಬಡದ್ರ ನಿಮಗ ಸಿಟ್ಟು ಬಂದದ ಅಂತ ಅಷ್ಟೇ ತಿಳೀತದ್ರಿ, ಏನ್ ಬೇಕಂತ ತಿಳಿಯಂಗಿಲ್ಲ. ಬೆರಳಿಲೆ ಮೆಲ್ಲಕ ಕುಟ್ಟಿದ್ರ ನೀರು ಅಂತಲೂ ತಿಳೀತದ, ಚಹಾ ಅಂತಲೂ ತಿಳೀತದ, ಏನೂ ಬ್ಯಾಡ ಸುಮ್ನ ಬಂದು ಕುಂದ್ರು ಅನ್ನೂದೂ ತಿಳೀತದ. ಇಷ್ಟು ದಿನ ನಾ ಒಬ್ಬಾಕಿ ಕೇಳಿಲ್ಲೇನು?"

ಧಮ್ಮಪಾಲ ಅವಳನ್ನೇ ನೋಡಿದ. ಅವಳು ಆ ಗಂಗಾಳದ ಸದ್ದಿಗೆ ಇಷ್ಟೆಲ್ಲ ಕಿವಿಗೊಟ್ಟಿದ್ದಾಳೆಂದು, ಅದರಲ್ಲಿ ಅಷ್ಟೆಲ್ಲ ಬೇರೆ ಬೇರೆ ಮಾತು ಕೇಳಿಸಿಕೊಂಡಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ದನಿ ಹೋಯಿತು, ಇನ್ನು ತನ್ನದು ಯಾರಿಗೂ ತಿಳಿಯುವುದಿಲ್ಲ ಎಂದು ಗೋಳಾಡಿದ ಅಷ್ಟೂ ದಿನ ಒಬ್ಬಳು ಒಳಗೆ ಕೂತು ತನ್ನ ಬೆರಳಿನ ಮಾತು ಕಲಿಯುತ್ತಿದ್ದಳು. ಕಣ್ಣು ತುಂಬಿತು. ಅವನು ಅದನ್ನು ಮುಚ್ಚಲು ಹೋಗಲಿಲ್ಲ.

ಬಿಚ್ಚುತ್ತಿದ್ದ ವೈರನ್ನು ಮತ್ತೆ ಬಿಗಿದ. ತಾನು ಏರಿಸಿದ್ದ ಸೆಟ್ಟಿನ ನಾಬನ್ನು ಬೆರಳು ಮಾಡಿ ತೋರಿಸಿದ, ಶಾಹಿದ ಅದನ್ನು ಮೊದಲಿದ್ದಲ್ಲಿಗೆ ತಂದ. ಆಮೇಲೆ ಧಮ್ಮಪಾಲ ಡಬ್ಬಿಯ ನಾಬಿಗೆ ಎರಡು ಬೆರಳು ಹಚ್ಚಿ, ಆಯುಷ್ಯದಲ್ಲಿ ಮೊದಲ ಸಲ, ಸದ್ದನ್ನು ಇಳಿಸಿದ. ಶಾಹಿದ ಕಳಿಸುವ ಗುಂಡಿ ಒತ್ತಿ ಹಿಡಿದಿದ್ದ. ಮುಳ್ಳು ಕೆಂಪಿನಿಂದ ಕೆಳಗೆ ಬಂತು, ನಡುಗಿತು, ಇನ್ನೂ ಕೆಳಗೆ ಬಂತು, ಮಲಗಿತು. ಅದು ಮಲಗಿದಾಗ ಧಮ್ಮಪಾಲನಿಗೆ ಒಳಗೆಲ್ಲೋ ಹೆದರಿಕೆಯಾಯಿತು. ಆದರೂ ಕೈ ತೆಗೆದ, ಟೈಪ್ ಮಾಡಿದ.

ಆಮೇಲೆ ಆಪಾ ಅಕ್ಷರ ಕೂಡಿಸಿ ಓದುವ ಮಕ್ಕಳ ಹಾಗೆ, ಬಿದ್ದ ಅಕ್ಷರ ಬಿದ್ದಂತೆ ಓದತೊಡಗಿದರು.

"ಒಂದೇ ಗೆರಿ... ಸಣ್ಣಂದು, ಸೂಜಿಯಂಥಾದ್ದು. ಹ... ಲೋ. ಹಲೋ. ಮೈಕ್... ಟೆಸ್ಟಿಂಗ್. ಒಂದು. ಎರಡು. ಮೂರು." ಅವರು ನಕ್ಕರು. "ಅಲ್ಲಾ ನಿಮಗ ಭಲಾ ಮಾಡ್ಲಿ ಭಾಯಿ. ಇಷ್ಟು ದಿನ ಕಾದಿದ್ದು ಇದನ್ನ ಕೇಳಾಕೇನ್ರಿ?"

ಏನು ಬರೆದೆ ಎಂದು ಧಮ್ಮಪಾಲನಿಗೆ ಆಗಲೇ ಗೊತ್ತಾದದ್ದು. ಗುಂಡಿ ಒತ್ತಿದೊಡನೆ ಬೆರಳಿಗೆ ಬಂದದ್ದು ಅದೇ, ಅಷ್ಟು ವರ್ಷ ಪ್ರತಿ ಹಂದರದಲ್ಲಿ ಮೊದಲು ಹೇಳಿದ ಮಾತು. ಶಾಹಿದ ಮೇಜು ಬಡಿದು ನಕ್ಕ. ಸುಮಂಗಲಾ ಸೆರಗಿನಿಂದ ಕಣ್ಣೊರೆಸಿಕೊಂಡು, "ಚಹಾ ಆರಿ ಹೋಯ್ತು, ಬಿಸಿ ಮಾಡಿಕೊಂಡು ಬರ್ತೇನಿ" ಎಂದು ಒಳಗೆ ಹೋದಳು.

ಶಾಹಿದ ಹೊರಡಲು ಎದ್ದಾಗ ಧಮ್ಮಪಾಲ ಸ್ಲೇಟಿನಲ್ಲಿ "ಮಾತು ಕೊಟ್ಟೀನಿ, ಸೆಟ್ ನಿಂದೇ" ಎಂದು ಬರೆದು ತೋರಿಸಿದ. ಶಾಹಿದ ಅಂಗೈಯಿಂದ ಅದನ್ನು ಅಳಿಸಿದ. "ಹಾಜರಿಯಾಗ ನಿಮ್ಮ ಜಾಗದಾಗ ನಾ ಯಾಕ ಕುಂದ್ರಲಿ ಚಾಚಾ? ನನಗೂ ಒಂದು ಜಾಗ ಆಗತದ, ಆದಾಗ ಆಗ್ಲಿ. ಡಬ್ಬಿ, ವೈರು ಇಲ್ಲೇ ಇರ್ಲಿ." ಲ್ಯಾಪ್‌ಟಾಪು ಮಾತ್ರ ಒಯ್ಯಬೇಕಿತ್ತು, ತಮ್ಮನ ಮಗ ಅಂಗಡಿಯ ಹಳೆಯ ಲ್ಯಾಪ್‌ಟಾಪು ತಂದಿಟ್ಟ, ಶಾಹಿದ ಸಂಜೆಯವರೆಗೆ ಕೂತು ಅದಕ್ಕೆ ಎಲ್ಲ ಹಾಕಿಕೊಟ್ಟ. ಖಾಲಿ ಹೋಗಬಾರದೆಂದು ಸುಮಂಗಲಾ ಆ ಟಿವಿ ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿ, ಅದಕ್ಕೆ ನೆಂಚಿಕೊಳ್ಳಲು ಶೇಂಗಾ ಹಿಂಡಿ, ಒಂದು ಚೀಲ ತೊಗರಿಬೇಳೆ ತುಂಬಿ, ಒಡೆಯದಂತೆ ಥರ್ಮಾಕೋಲಿನ ನಡುವೆ ಇಟ್ಟು ಕಟ್ಟಿದಳು. ಮೋಟರ್ ಸೈಕಲ್ಲು ತಿರುವು ದಾಟುವವರೆಗೆ ಧಮ್ಮಪಾಲ ಬಾಗಿಲಲ್ಲಿ ಕೈ ಮುಗಿದೇ ನಿಂತಿದ್ದ. ಇಂಥವರನ್ನು ತನ್ನ ಪಾಲಿಗೆ ಯಾರು ಕಳಿಸಿದರೋ, ಅವರಿಗೂ ಸೇರಿಸಿ ಮುಗಿದ.

ಮರುದಿನ ಬೆಳಿಗ್ಗೆ ಹಾಜರಿ ಶುರುವಾಯಿತು. ಆಪಾ ಹಿಂದಿನ ದಿನವೇ ಎಲ್ಲರಿಗೂ ತಾಕೀತು ಮಾಡಿದ್ದರು: ಸಿಳ್ಳೆ ಓದುವ ಆ್ಯಪನ್ನು ಫೋನಿಗೆ ಹಾಕಿಕೊಂಡು ಸ್ಪೀಕರಿನ ಮುಂದೆ ಹಿಡಿದು ಕೂರಬೇಕು. ಒಬ್ಬೊಬ್ಬರಾಗಿ ಉತ್ತರ ಕೊಟ್ಟರು. ಬೀದರ ಆಯಿತು, ರಾಯಚೂರು ಆಯಿತು.

"ಗೊಬ್ಬೂರ ಭಾಯಿ, ಅದೀರೇನ್ರಿ?"

ಆಪಾ ಎಂದಿನಷ್ಟೇ ಜಾಗ ಬಿಟ್ಟರು. ಒಳಗೆ ಸುಮಂಗಲಾಳ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. ಧಮ್ಮಪಾಲ ಗುಂಡಿ ಒತ್ತಿ, ಮುಳ್ಳು ಮಲಗಿರುವುದನ್ನು ನೋಡಿ, ಎಡಗೈ ಮತ್ತೆ ನಾಬಿನ ಕಡೆ ಹೋಗದಿರಲೆಂದು ಅದನ್ನು ತೊಡೆಯ ಕೆಳಗಿಟ್ಟುಕೊಂಡು, ಬಲಗೈ ಬೆರಳಿನಿಂದ ಬರೆದ. ತೆಳುವಾದ ಸಿಳ್ಳೆಯೊಂದು ಬೇವಿನ ಮರದ ತಂತಿಯಿಂದ ಹೊರಟುಹೋಯಿತು. ಮುಗಿಸಿ ಗುಂಡಿ ಬಿಟ್ಟ.

ಆಪಾ ಓದಿದರು. "ಹಾಜರ್ ಅದೀನ್ರಿ ಆಪಾ. ದಿನಾ ನೀವು ಕರದ್ರಿ. ದಿನಾ ನಾ ಹೂಂ ಅಂದೀನಿ..." ಅಲ್ಲಿಗೆ ಅವರ ದನಿ ಕಟ್ಟಿತು. ಹಾಜರಿ ಕರೆಯುವವರು ನಡುವೆ ನಿಂತದ್ದು ಅದೇ ಮೊದಲು. ಆಗ ಬೀದರಿನವರು ತಮ್ಮ ಫೋನು ನೋಡಿ ಮುಂದಿನದನ್ನು ಓದಿದರು: "ಇವತ್ತು ನಿಮಗ ಕೇಳ್ತು." ಅವರು ಬಿಟ್ಟಲ್ಲಿಂದ ಸೋಲಾಪುರದವರು ಹಿಡಿದರು: "ಉತ್ತರ ಬರಂಗಿಲ್ಲ ಅಂತ ಗೊತ್ತಿದ್ರೂ ಕರ್ಯೂದು ಬಿಡಲಿಲ್ಲ. ನಿಮ್ಮ ಋಣ ದೊಡ್ಡದು." ಊರೂರಿನ ಬಾಯಲ್ಲಿ ತನ್ನ ಮಾತನ್ನು ಕೇಳುತ್ತ ಧಮ್ಮಪಾಲ ಕುರ್ಚಿಯಲ್ಲಿ ಕೂತೇ ಇದ್ದ.

ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿದ್ದ ಗಂಗಾಳದ ಅಂಚಿಗೆ ಅವನು ಬೆರಳಿನಿಂದ ಎರಡು ಸಲ ಮೆಲ್ಲಗೆ ಕುಟ್ಟಿದ. ಅದು ನೀರಿಗಲ್ಲ, ಚಹಾಕ್ಕೂ ಅಲ್ಲ. ಸುಮಂಗಲಾ ಒಲೆಯ ಉರಿ ತಗ್ಗಿಸಿ, ಹಿಟ್ಟಿನ ಕೈ ಒರೆಸಿಕೊಂಡು ಬಂದು, ಶಾಹಿದ ಕೂತಿದ್ದ ಸ್ಟೂಲಿನ ಮೇಲೆ ಅವನ ಪಕ್ಕದಲ್ಲಿ ಸುಮ್ಮನೆ ಕೂತಳು.